ಬೆನ್ನಿಗೊಂದು ಬ್ಯಾಗು, ಜೊತೆಗೆ ಗೆಳೆಯರು, ನೇಪಲ್ಸ್ ಊರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ನಾಲ್ವರು ಕಾಲೇಜಿನ ಗೆಳೆಯರು ಇಟಲಿಯ ನೇಪಲ್ಸಿನಲ್ಲಿ ಆರು ದಿನ ಇದ್ದು ಬಂದೆವು. ವಾಪಸ್ ಬಂದಾಗಿನಿಂದ ನೆಂಟರು, ಆಫೀಸಿನವರು, ಪರಿಚಯದವರ ಮಕ್ಕಳು ಫೋನು ಮಾಡಿ ಅದೇ ಅದೇ ಪ್ರಶ್ನೆ ಕೇಳುತ್ತಿದ್ದಾರೆ. ಪ್ರತಿ ಸಲ ಮೊದಲಿನಿಂದ ಹೇಳೋಕೆ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಟಿಕೆಟ್ ದರಗಳು ಬದಲಾಗುತ್ತಲೇ ಇರುತ್ತವೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ರೋಮ್, ವೆನಿಸ್ ಇರುವಾಗ ನೇಪಲ್ಸ್ ಯಾಕೆ?

ಅಗ್ಗ ಅನ್ನುವುದು ಮೊದಲ ಕಾರಣ. ಎರಡನೆಯದು, ಇದು ನೋಡುವವರಿಗಾಗಿ ಅಲಂಕಾರ ಮಾಡಿಕೊಂಡು ಕೂತ ಊರಲ್ಲ. ಹಳೇ ಊರಿನ ನಡುವೆ ಜನ ಈಗಲೂ ಸಂಸಾರ ಮಾಡುತ್ತಿದ್ದಾರೆ. ಬಟ್ಟೆ ಒಣಹಾಕಿದ ಹಗ್ಗದ ಕೆಳಗೆ ನುಸುಳಿಕೊಂಡು ಚರ್ಚಿಗೆ ಹೋಗಬೇಕು. ಸ್ಕೂಟರು ಮೈಮೇಲೆ ಬಂದ ಹಾಗೆ ಬಂದು ಪಕ್ಕಕ್ಕೆ ಜಾರಿ ಹೋಗುತ್ತದೆ. ಕೆಳಗಿನವರು ಮೇಲಿನವರ ಜೊತೆ ಕೂಗಿಕೊಂಡೇ ಮಾತಾಡುತ್ತಾರೆ. ನಮ್ಮ ಪೇಟೆ ಬೀದಿಗಳಲ್ಲಿ ಬೆಳೆದವರಿಗೆ ಇಲ್ಲಿ ಗಾಬರಿ ಆಗುವುದಿಲ್ಲ, ಸಲಿಗೆ ಅನಿಸುತ್ತದೆ.

ಈ ಊರನ್ನು ಕಟ್ಟಿದವರು ಗ್ರೀಕರು. ಅವರು ಇಟ್ಟ ಹೆಸರು ನೆಯಾಪೊಲಿಸ್, ಅಂದರೆ ಹೊಸ ಊರು. ಆ ಹೊಸ ಊರಿಗೆ ಈಗ ಸುಮಾರು 2,500 ವರ್ಷ. ಇಡೀ ಹಳೇ ಭಾಗ 1995ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಇಟಲಿಯವರು ಕರೆಯುವುದು ನಾಪೊಲಿ ಅಂತ. ರೈಲಿನ ಬೋರ್ಡಿನ ಮೇಲೂ ಅದೇ ಇರುತ್ತದೆ, ಗೊಂದಲ ಬೇಡ.

ಎಷ್ಟು ದಿನ ಬೇಕು?

ಕಡಿಮೆ ಅಂದರೂ ನಾಲ್ಕು ರಾತ್ರಿ. ಬಹಳ ಜನ ರೋಮಿನಿಂದ ಬೆಳಿಗ್ಗೆ ಬಂದು, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ರೋಮನ್ನರ ಊರು ಪಾಂಪೇ ನೋಡಿ, ಒಂದು ಪಿಜ್ಜಾ ತಿಂದು ರಾತ್ರಿ ರೈಲು ಹತ್ತುತ್ತಾರೆ. ಆಮೇಲೆ "ನೇಪಲ್ಸ್ ಗಲೀಜು, ಏನೂ ಇಲ್ಲ" ಅನ್ನುತ್ತಾರೆ. ಮೊದಲ ದಿನ ನಮಗೂ ಹಾಗೇ ಅನಿಸಿತ್ತು. ರೈಲ್ವೆ ಸ್ಟೇಷನ್ ಸುತ್ತಮುತ್ತ ನೋಡಿ ಒಬ್ಬ ಗೆಳೆಯ "ನಾಳೇನೇ ಫ್ಲಾರೆನ್ಸಿಗೆ ಹೋಗೋಣ್ರೋ" ಅಂದಿದ್ದ. ಮೂರನೇ ದಿನದ ಹೊತ್ತಿಗೆ ಇನ್ನೆರಡು ದಿನ ಹೆಚ್ಚಿಗೆ ಇರೋಣ ಅಂದವನೂ ಅವನೇ. ಈ ಊರು ಒಗ್ಗೋಕೆ ಸ್ವಲ್ಪ ಹೊತ್ತು ಬೇಕು.

ದಿನಕ್ಕೆ ಎರಡು ಜಾಗ ಸಾಕು. ಮೂರನೆಯದನ್ನು ಪಟ್ಟಿಗೆ ಸೇರಿಸಲೇಬೇಡಿ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್, ಮೇ, ಇಲ್ಲವೇ ಸೆಪ್ಟೆಂಬರ್, ಅಕ್ಟೋಬರ್. ಆಗಸ್ಟ್ ಬೇಡವೇ ಬೇಡ. ಬಿಸಿಲು ಜಾಸ್ತಿ, ಮೇಲಾಗಿ ಆಗಸ್ಟ್ 15ರ ಆಸುಪಾಸು ಊರಿನವರೆಲ್ಲ ರಜೆ ಹಾಕಿ ಸಮುದ್ರದ ಕಡೆ ಹೋಗಿಬಿಡುತ್ತಾರೆ. ಸಣ್ಣ ಅಂಗಡಿ, ಹೋಟೆಲು ಎಷ್ಟೋ ಬಾಗಿಲು ಹಾಕಿರುತ್ತವೆ. ಬೇರೆ ತಿಂಗಳುಗಳಲ್ಲೂ ಊಟ ಆದಮೇಲಿನ ಎರಡು ಮೂರು ಗಂಟೆ ಊರು ಕಣ್ಣುಮುಚ್ಚುತ್ತದೆ. ಆ ಹೊತ್ತಿಗೆ ಅಲ್ಲಿನವರು 'ಕೊಂತ್ರೋರಾ' ಅನ್ನುತ್ತಾರೆ. ನೀವೂ ರೂಮಿಗೆ ಹೋಗಿ ಮಲಗಿ. ರಾತ್ರಿ ಊಟ ಎಂಟರ ಮೇಲೆಯೇ.

ವೀಸಾಕ್ಕೆ ಗುಂಪಾಗಿ ಅರ್ಜಿ ಹಾಕಬಹುದಾ?

ಒಟ್ಟಿಗೆ ಹೋಗಿ ಕೂರಬಹುದು, ಆದರೆ ಅರ್ಜಿ ಒಬ್ಬೊಬ್ಬರದೂ ಬೇರೆ. ಬೇಕಾದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಎಷ್ಟೋ ದೇಶಗಳಿಗೆ ಸೇರಿ ಒಂದೇ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಕಡಿಮೆ ಅಂದರೂ 30,000 ಯೂರೋ ಚಿಕಿತ್ಸಾ ವೆಚ್ಚ ಕೊಡುವ ಪ್ರಯಾಣ ವಿಮೆ ಕಡ್ಡಾಯ.

ಗುಂಪಿನವರು ಮರೆಯುವ ಒಂದು ವಿಷಯ: ನಾಲ್ವರ ಕಾಗದಗಳಲ್ಲೂ ದಿನಾಂಕ, ಉಳಿಯುವ ಜಾಗ ಒಂದೇ ಇರಬೇಕು. ರೂಮು ಒಬ್ಬನ ಹೆಸರಲ್ಲಿ ಬುಕ್ ಆಗಿದ್ದರೆ ಉಳಿದವರ ಹೆಸರೂ ಆ ಕಾಗದದಲ್ಲಿ ಕಾಣುವ ಹಾಗೆ ಮಾಡಿಸಿಕೊಳ್ಳಿ. ಒಂದಕ್ಕಿಂತ ಹೆಚ್ಚು ದೇಶ ಸುತ್ತುವುದಾದರೆ ಎಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು.

ಬೆಂಗಳೂರಿನಿಂದ ತಲುಪುವುದು ಹೇಗೆ?

ಎಲ್ಲಾದರೂ ವಿಮಾನ ಬದಲಿಸಬೇಕು. ನೇಪಲ್ಸಿಗೇ ಟಿಕೆಟ್ ಸಿಕ್ಕರೆ ಸಲೀಸು. ಅಲ್ಲಿನ ಕಾಪೊದಿಕೀನೊ ವಿಮಾನ ನಿಲ್ದಾಣ ಊರಿಗೆ ತೀರಾ ಹತ್ತಿರ. ಅಲಿಬಸ್ ಅನ್ನುವ ಬಸ್ಸು ರೈಲ್ವೆ ಸ್ಟೇಷನ್ನಿಗೂ ಬಂದರಿಗೂ ಬಿಡುತ್ತದೆ, 5 ಯೂರೋ.

ನಮಗೆ ರೋಮಿನ ಟಿಕೆಟ್ ಅಗ್ಗಕ್ಕೆ ಸಿಕ್ಕಿತು. ಅಲ್ಲಿಂದ ವೇಗದ ರೈಲಿನಲ್ಲಿ ನೇಪಲ್ಸಿಗೆ ಒಂದು ಗಂಟೆ ಹತ್ತು ನಿಮಿಷ. ಮುಂಚೆ ಬುಕ್ ಮಾಡಿದರೆ ಅಗ್ಗ, ಕೊನೇ ಗಳಿಗೆಯಲ್ಲಿ ಕೈ ಸುಡುತ್ತದೆ. ಪ್ಯಾಸೆಂಜರ್ ರೈಲುಗಳೂ ಇವೆ. ಎರಡು ಗಂಟೆಯ ಮೇಲೆ ಹಿಡಿಯುತ್ತವೆ, ಆದರೆ ದರ ಯಾವಾಗ ಕೊಂಡರೂ ಒಂದೇ.

ಆ ಪ್ಯಾಸೆಂಜರ್ ರೈಲಿನಲ್ಲೇ ನಾವು ದಂಡ ಕಟ್ಟಿದ್ದು. ಕಾಗದದ ಟಿಕೆಟ್ ಕೊಂಡರೆ ಆಗಲಿಲ್ಲ, ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದೊಳಗೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ನಮಗದು ಗೊತ್ತಿರಲಿಲ್ಲ. ಟಿಕೆಟ್ ತೋರಿಸಿ ಎಷ್ಟು ಗೋಗರೆದರೂ ತಪಾಸಣೆಯವರು ಕೇಳಲಿಲ್ಲ. ತಪ್ಪು ನಮ್ಮದೇ, ನಿಯಮ ಟಿಕೆಟ್ಟಿನ ಮೇಲೇ ಬರೆದಿತ್ತು.

ಬ್ಯಾಗು ಎಷ್ಟು ದೊಡ್ಡದಿರಬೇಕು?

40 ಲೀಟರ್ ಸಾಕು. ಚಕ್ರದ ಸೂಟ್‌ಕೇಸ್ ತರುವ ಗೆಳೆಯನಿದ್ದರೆ ಈಗಲೇ ಬುದ್ಧಿ ಹೇಳಿ. ಇಲ್ಲಿನ ಬೀದಿಗೆ ಹಾಸಿರುವುದು ಕಪ್ಪು ಲಾವಾ ಕಲ್ಲಿನ ಚಪ್ಪಡಿ. ಅದರ ಸಂದುಗಳಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ. ಮಳೆ ಬಂದರೆ ಆ ಕಲ್ಲು ಎಣ್ಣೆ ಸವರಿದ ಹಾಗೆ ಜಾರುತ್ತದೆ, ಹಿಡಿತ ಇರುವ ಶೂ ಹಾಕಿಕೊಳ್ಳಿ.

ಜೊತೆಗೊಂದು ಪುಟ್ಟ ಚೀಲವೂ ಇರಲಿ. ಪಾಂಪೇ ಒಳಗೆ ದೊಡ್ಡ ಬ್ಯಾಗು ಬಿಡುವುದಿಲ್ಲ. ಹಾಸ್ಟೆಲ್ ಲಾಕರಿಗೆ ನಿಮ್ಮದೇ ಬೀಗ ಒಯ್ಯಿರಿ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ, ಸಣ್ಣ ಎರಡು ಗುಂಡು ಪಿನ್ನಿನದು ಹೋಗುತ್ತದೆ.

ಹಾಸ್ಟೆಲ್ಲಾ, ಬಾಡಿಗೆ ಮನೆಯಾ?

ಇಬ್ಬರಾದರೆ ಹಾಸ್ಟೆಲ್. ನಾಲ್ವರಾದರೆ ಲೆಕ್ಕ ಹಾಕಿ ನೋಡಿ, ಎಷ್ಟೋ ಸಲ ಎರಡು ಕೋಣೆಯ ಮನೆ ಅಷ್ಟೇ ದುಡ್ಡಿಗೆ ಬರುತ್ತದೆ, ಅಡುಗೆಮನೆಯೂ ಸಿಗುತ್ತದೆ. ಎರಡರಲ್ಲೂ ತಲೆಗೆ ಇಷ್ಟು ಅಂತ ರಾತ್ರಿ ಲೆಕ್ಕದ ಪ್ರವಾಸಿ ತೆರಿಗೆ ಬೇರೆ ಕೊಡಬೇಕು. ಅದನ್ನು ಕೇಳಿದರೆ ಮೋಸ ಅಂದುಕೊಳ್ಳಬೇಡಿ.

ಜಾಗ ಹಳೇ ಊರಿನೊಳಗೇ ಇರಲಿ. ದಾಂತೆ ಚೌಕ, ಮೊಂತೆಸಾಂತೊ, ತ್ರಿಬುನಾಲಿ ಬೀದಿಯ ಸುತ್ತ ನೋಡಿ. ಸ್ಟೇಷನ್ ಎದುರು ಅಗ್ಗ ಸಿಗುತ್ತದೆ, ಆದರೆ ರಾತ್ರಿ ಹೊತ್ತು ಅಲ್ಲಿ ಅಷ್ಟು ಚೆನ್ನಾಗಿರುವುದಿಲ್ಲ. ನೆಲಮಹಡಿಯ ಒಂಟಿ ಕೋಣೆಯ ಮನೆಗಳಿಗೆ 'ಬಾಸ್ಸೊ' ಅನ್ನುತ್ತಾರೆ. ಬಾಗಿಲು ತೆಗೆದರೆ ಬೀದಿ. ಫೋಟೋದಲ್ಲಿ ಚೆಂದ, ನಿದ್ದೆ ಮಾತ್ರ ಬರುವುದಿಲ್ಲ.

ನಾವಿದ್ದದ್ದು ನಾಲ್ಕನೇ ಮಹಡಿ. ಹಳೇ ಕಟ್ಟಡ. ಲಿಫ್ಟಿನೊಳಗೆ ಒಂದು ಪುಟ್ಟ ಡಬ್ಬಿ ಇತ್ತು, ಅದಕ್ಕೆ ನಾಣ್ಯ ಹಾಕಿದರೆ ಮಾತ್ರ ಮೇಲೆ ಹೋಗುತ್ತಿತ್ತು! ಇಂಥ ಲಿಫ್ಟು ಆ ಊರಲ್ಲಿ ಇನ್ನೂ ಅಲ್ಲಲ್ಲಿ ಇವೆ. ಚಿಲ್ಲರೆ ಇಲ್ಲದ ರಾತ್ರಿ ನಾಲ್ಕು ಮಹಡಿ ಹತ್ತಿದ್ದೇವೆ.

ಖರ್ಚು ಎಷ್ಟಾಗುತ್ತದೆ? ಲೆಕ್ಕ ಯಾರು ಇಡಬೇಕು?

ವಿಮಾನ, ವೀಸಾ ಬಿಟ್ಟು ನಮಗೆ ದಿನಕ್ಕೆ ತಲಾ 65 ಯೂರೋ ಆಸುಪಾಸು ಆಯಿತು. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮನೆ ಬಾಡಿಗೆಗೇ ಹೋಯಿತು. ಊಟದಲ್ಲಿ ಉಳಿಸಬಹುದು. ಟಿಕೆಟ್ಟುಗಳಲ್ಲಿ ಉಳಿಸಬೇಕಾದರೆ ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಮ್ಮುಗಳಿಗೆ ಪ್ರವೇಶ ಉಚಿತ. ಜನವೂ ಅವತ್ತೇ ಮುಗಿಬೀಳುತ್ತಾರೆ ಅನ್ನುವುದು ನೆನಪಿರಲಿ.

ಲೆಕ್ಕದ ವಿಷಯ: ಪ್ರತಿ ಬೆಳಿಗ್ಗೆ ನಾಲ್ವರೂ 25 ಯೂರೋ ಒಂದು ಪರ್ಸಿಗೆ ಹಾಕುವುದು, ಆ ಪರ್ಸು ಒಬ್ಬನ ಕೈಲಿ. ಕಾಫಿ, ಬಸ್ಸು, ನೀರು, ಊಟ ಎಲ್ಲ ಅದರಿಂದಲೇ. ಐಸ್‌ಕ್ರೀಮು, ಬಿಯರು ಅವರವರ ಸ್ವಂತ ಜೇಬಿನಿಂದ. ಮೊಬೈಲಿನ ಲೆಕ್ಕದ ಆ್ಯಪಿನಲ್ಲಿ ಒಂದೂವರೆ ಯೂರೋದ ಕಾಫಿಗೂ ಬರೆಯುತ್ತಾ ಕೂತರೆ ಎರಡೇ ದಿನಕ್ಕೆ ಮನಸ್ತಾಪ. ನಮ್ಮೂರಿನ ಹಾಗೆ ಕ್ಯೂಆರ್ ಸ್ಕ್ಯಾನ್ ಮಾಡಿ ಮುಗಿಸುವುದು ಅಲ್ಲಿಲ್ಲ. ಫಾರೆಕ್ಸ್ ಕಾರ್ಡು, ಸ್ವಲ್ಪ ಚಿಲ್ಲರೆ ಎರಡೂ ಬೇಕು.

ಹೋಟೆಲ್ ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಒಂದೆರಡು ಯೂರೋ ಇರುತ್ತದೆ. ಅದು ಕೂತಿದ್ದಕ್ಕೆ ಬಾಡಿಗೆ. ಅದರ ಮೇಲೆ ಟಿಪ್ಸ್ ಕೊಡಲೇಬೇಕೆಂದಿಲ್ಲ.

ನಡೆಯೋಕೆ ಎಲ್ಲಿಂದ ಶುರು ಮಾಡಬೇಕು?

ಮೇಲಿನಿಂದ. ಊರಿನ ಹಿಂದೆ ವೊಮೆರೊ ಅನ್ನುವ ಗುಡ್ಡ ಇದೆ. ಹಗ್ಗ ಎಳೆಯುವ ಫ್ಯುನಿಕ್ಯುಲರ್ ರೈಲಿನಲ್ಲಿ ಮೇಲೆ ಹೋಗಿ. ಊರಲ್ಲಿ ಅಂಥವು ನಾಲ್ಕು ಸಾಲುಗಳಿವೆ. ಸಾನ್ ಮಾರ್ತಿನೊ ಮಠದ ಮುಂದೆ ನಿಂತು ಕೆಳಗೆ ನೋಡಿದರೆ ಇಡೀ ಊರನ್ನು ಚಾಕುವಿನಿಂದ ಕೊಯ್ದ ಹಾಗೆ ಒಂದು ನೇರ ಗೆರೆ ಕಾಣುತ್ತದೆ. ಅದು ಸ್ಪಾಕ್ಕಾನಾಪೊಲಿ ಬೀದಿ. ಹೆಸರಿನ ಅರ್ಥವೇ ನಾಪೊಲಿಯನ್ನು ಸೀಳುವುದು. ಗ್ರೀಕರು ಎಳೆದ ಗೆರೆ, ರೋಮನ್ನರು ಉಳಿಸಿಕೊಂಡರು, ಈಗ ಅದರ ಮೇಲೆ ಸ್ಕೂಟರು ಓಡುತ್ತವೆ.

ಅಲ್ಲಿಂದ ಪೆದಮೆಂತೀನಾ ಅನ್ನುವ 414 ಮೆಟ್ಟಿಲು ಇಳಿಯಿರಿ. ದಯವಿಟ್ಟು ಇಳಿಯಿರಿ, ಹತ್ತಬೇಡಿ.

ಕೆಳಗೆ ಬಂದಮೇಲೆ ನಕ್ಷೆ ಮುಚ್ಚಿಟ್ಟುಬಿಡಿ. ಜೆಸೂ ನುವೊವೊ ಚರ್ಚಿನ ಮುಖ ಪೂರ್ತಿ ವಜ್ರದ ಹಾಗೆ ಮೊನಚಾದ ಕಲ್ಲು. ಅದರ ಎದುರಿನ ಸಾಂತಾ ಕಿಯಾರಾದೊಳಗೆ ಬಣ್ಣದ ಹೆಂಚಿನ ಕಂಬಗಳ ತೋಟ ಇದೆ. 1943ರ ಬಾಂಬಿಗೆ ಈ ಚರ್ಚು ಸುಟ್ಟುಹೋಗಿ ಆಮೇಲೆ ಮತ್ತೆ ಕಟ್ಟಿದ್ದು. ಮುಂದೆ ಸಣ್ಣ ಚೌಕದಲ್ಲಿ ನೈಲ್ ನದಿಯ ವಿಗ್ರಹ ಮಲಗಿದೆ. ರೋಮನ್ನರ ಕಾಲದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ಬಂದ ವ್ಯಾಪಾರಿಗಳು ಇಲ್ಲಿ ವಾಸವಿದ್ದರು. ಅದು ಅವರ ದೇವರು.

ಒಂದು ಅಡ್ಡಬೀದಿಯಲ್ಲಿ ನಮಗೊಂದು ದೃಶ್ಯ ಸಿಕ್ಕಿತು. ಮೂರನೇ ಮಹಡಿಯಿಂದ ಒಬ್ಬ ಅಜ್ಜಿ ಹಗ್ಗಕ್ಕೆ ಕಟ್ಟಿದ ಪ್ಲಾಸ್ಟಿಕ್ ಬುಟ್ಟಿ ಇಳಿಬಿಟ್ಟರು. ಬುಟ್ಟಿಯಲ್ಲಿ ಐದು ಯೂರೋ ನೋಟು, ಅದು ಹಾರದ ಹಾಗೆ ಬಟ್ಟೆಗೆ ಹಾಕುವ ಕ್ಲಿಪ್ಪು. ಕೆಳಗಿನ ಅಂಗಡಿಯವನು ನೋಟು ತೆಗೆದು ಬ್ರೆಡ್ಡು, ಎರಡು ನಿಂಬೆಹಣ್ಣು ಇಟ್ಟ. ಚಿಲ್ಲರೆಯನ್ನು ಕಾಗದದಲ್ಲಿ ಸುತ್ತಿ ಹಾಕಿದ. ಹಗ್ಗ ಒಮ್ಮೆ ಜಗ್ಗಿದ. ಬುಟ್ಟಿ ತೂಗಾಡುತ್ತಾ ಮೇಲೆ ಹೋಯಿತು. ಅರ್ಧದಲ್ಲಿ ಅಜ್ಜಿ ನಿಲ್ಲಿಸಿ ನಿಂಬೆಹಣ್ಣಿನ ಬಗ್ಗೆ ಏನೋ ಬೈದರು. ಮತ್ತೆ ಕೆಳಗಿಳಿಸಿದರು. ಅವನು ಒಂದು ಹಣ್ಣು ಬದಲಿಸಿ ಕೊಟ್ಟ. ಈ ಬುಟ್ಟಿಗೆ 'ಪನಾರೊ' ಅನ್ನುತ್ತಾರೆ. ಇದು ಯಾವ ಟಿಕೆಟ್ಟಿಗೂ ಸಿಗುವುದಿಲ್ಲ, ಸುಮ್ನೆ ಅಲೆದರೆ ಸಿಗುತ್ತದೆ.

ನೆಲದಡಿಯ ಊರು ನೋಡಲೇಬೇಕಾ?

ಇಕ್ಕಟ್ಟು ಕಂಡರೆ ಭಯ ಇಲ್ಲದಿದ್ದರೆ ಖಂಡಿತ. ಇಡೀ ನೇಪಲ್ಸು ಕೂತಿರುವುದು ತೂಫೊ ಅನ್ನುವ ಮೆತ್ತನೆಯ ಹಳದಿ ಕಲ್ಲಿನ ಮೇಲೆ. ಮನೆಗೆ ಬೇಕಾದ ಕಲ್ಲನ್ನು ಮನೆಯ ಕೆಳಗಿನಿಂದಲೇ ಅಗೆದುಕೊಂಡರು. ಆ ಗುಂಡಿಗಳನ್ನೇ ನೀರಿನ ತೊಟ್ಟಿ ಮಾಡಿದರು. 1884ರ ಕಾಲರಾ ಬಂದಮೇಲೆ ಆ ನೀರು ಬಿಟ್ಟರು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳುವಾಗ ಅದೇ ತೊಟ್ಟಿಗಳಲ್ಲಿ ಸಾವಿರಾರು ಜನ ಬಚ್ಚಿಟ್ಟುಕೊಂಡರು. ಸಾನ್ ಗಾಯೆತಾನೊ ಚೌಕದಿಂದ ಗೈಡು ಕರೆದೊಯ್ಯುತ್ತಾರೆ, ಸುಮಾರು 40 ಮೀಟರ್ ಆಳ. ಕೆಲವು ಕಡೆ ಪಕ್ಕಕ್ಕೆ ತಿರುಗಿಕೊಂಡೇ ನಡೆಯಬೇಕು. ನಮ್ಮಲ್ಲಿ ಒಬ್ಬ ಅರ್ಧಕ್ಕೇ ವಾಪಸ್ ಹತ್ತಿದ, ಅವನನ್ನು ಯಾರೂ ಗೇಲಿ ಮಾಡಲಿಲ್ಲ. ಮಾಡಿದೆವು, ಸ್ವಲ್ಪ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ನಮ್ಮ ನಾಲ್ವರಲ್ಲಿ ಇಬ್ಬರು ಸಸ್ಯಾಹಾರಿಗಳು, ಒಬ್ಬಳು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಮೂರು ಹೊತ್ತೂ ಹೊಟ್ಟೆ ತುಂಬಿತು. ಯಾಕೆಂದರೆ ಇದು ಪಿಜ್ಜಾ ಹುಟ್ಟಿದ ಊರು. ಇಲ್ಲಿನ ಅಸಲಿ ಪಿಜ್ಜಾಗಳು ಎರಡೇ. ಮಾರಿನಾರಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ, ಎಣ್ಣೆ ಇರುತ್ತದೆ, ಚೀಸ್ ಇಲ್ಲ. ಮಾರ್ಗೆರೀತಾದಲ್ಲಿ ಟೊಮೆಟೊ, ಮೊಜರೆಲ್ಲಾ, ಬಾಸಿಲ್ ಎಲೆ. ಇದಕ್ಕೆ ಸಂಪ್ರದಾಯದಂತೆ ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಟೊಮೆಟೊ ಕಿವುಚಿ ಉಪ್ಪು ಹಾಕಿರುತ್ತಾರೆ ಅಷ್ಟೇ. ಆ ಬಾಸಿಲ್ ಬೇರೇನಲ್ಲ, ನಮ್ಮ ಕಾಮಕಸ್ತೂರಿಯ ಜಾತಿಯೇ.

ಮಾರ್ಗೆರೀತಾ ಅನ್ನುವ ರಾಣಿ 1889ರಲ್ಲಿ ಬಂದಾಗ ಅವಳಿಗಾಗಿ ಮಾಡಿದ್ದು ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಂಥ ಪಿಜ್ಜಾ ಅದಕ್ಕೂ ಮುಂಚೆಯೇ ಇತ್ತು ಅನ್ನುವವರೂ ಇದ್ದಾರೆ. ಕಥೆ ಏನೇ ಇರಲಿ, ಒಲೆ ಮುಂದೆ ನಿಂತು ಒಮ್ಮೆ ನೋಡಿ. ಹಿಟ್ಟಿನ ಉಂಡೆಯನ್ನು ಬೆರಳ ತುದಿಯಲ್ಲಿ ನಡುವಿನಿಂದ ಅಂಚಿಗೆ ಒತ್ತುತ್ತಾರೆ, ಲಟ್ಟಣಿಗೆ ಮುಟ್ಟುವುದಿಲ್ಲ. ಎರಡು ಸಲ ಅಂಗೈ ಮೇಲೆ ಬಡಿದು ಹರಡುತ್ತಾರೆ. ಸೌದೆ ಒಲೆಯ ಬಿಸಿ 450 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಒಳಗೆ ಹೋದ ಪಿಜ್ಜಾ ಒಂದೂವರೆ ನಿಮಿಷದೊಳಗೆ ಹೊರಗೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಬೊಟ್ಟು ಬಿದ್ದಿರುತ್ತದೆ. ನಡುಭಾಗ ಒದ್ದೆ, ಎತ್ತಿದರೆ ಜೋತುಬೀಳುತ್ತದೆ. "ಬೆಂದೇ ಇಲ್ಲ" ಅಂತ ವಾಪಸ್ ಕೊಡಬೇಡಿ, ಅದು ಇರಬೇಕಾದದ್ದೇ ಹಾಗೆ. ಈ ಕೈಕೆಲಸವನ್ನು ಯುನೆಸ್ಕೋ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಒಬ್ಬರಿಗೆ ಒಂದು ಪೂರ್ತಿ ಪಿಜ್ಜಾ, ಹಂಚಿಕೊಳ್ಳುವ ರೂಢಿ ಇಲ್ಲ. ಬೀದಿಯಲ್ಲಾದರೆ ಸಣ್ಣದನ್ನು ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ದುಡ್ಡೂ ಕಡಿಮೆ.

ಎಚ್ಚರ ಬೇಕಾದದ್ದು ಬೇರೆ ಕಡೆ. ಸಸ್ಯಾಹಾರದ ಹಾಗೆ ಕಾಣುವ ಎಷ್ಟೋ ತಿಂಡಿಗಳಲ್ಲಿ ಹಂದಿ ಕೊಬ್ಬು ಇರುತ್ತದೆ. ಮೆಣಸು, ಬಾದಾಮಿ ಹಾಕಿದ ತರಾಲ್ಲಿ ನಮ್ಮ ಕೋಡುಬಳೆಯ ಹಾಗೇ ಗರಿಗರಿ. ಇಲ್ಲಿನ ಹಳೇ ರೀತಿಯದನ್ನು ಹಂದಿ ಕೊಬ್ಬಿನಲ್ಲೇ ಮಾಡುವುದು. ಪದರ ಪದರವಾದ ಸ್ಫೊಲ್ಯಾತೆಲ್ಲಾ ಸಿಹಿಗೂ ಅದನ್ನು ಹಾಕುವವರಿದ್ದಾರೆ. ಕರಿದ ಪಿಜ್ಜಾದ ಹೊಟ್ಟೆಯೊಳಗೆ ಮಾಂಸದ ಚೂರು ಇರಬಹುದು. ಕೇಳುವುದು ಹೀಗೆ: "ಸೆನ್ಸಾ ಕಾರ್ನೆ" ಅಂದರೆ ಮಾಂಸ ಬೇಡ, "ಸೆನ್ಸಾ ಪೇಶೆ" ಅಂದರೆ ಮೀನು ಬೇಡ. "ಚೆ ಸ್ತ್ರುತ್ತೊ?" ಅಂದರೆ ಹಂದಿ ಕೊಬ್ಬು ಇದೆಯಾ ಅಂತ. ಮೊಟ್ಟೆ ತಿನ್ನದವರು ಹಸಿ ಪಾಸ್ತಾ ಬಿಟ್ಟು ಒಣ ಪಾಸ್ತಾ ಕೇಳಿ. ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಕಟ್ಟುನಿಟ್ಟಿನವರು ಅದನ್ನು ಉದುರಿಸಬೇಡಿ ಅನ್ನಬೇಕು.

ಅನ್ನ ಸಾರು ಇಲ್ಲದೆ ಆಗಲ್ಲ ಅನ್ನುವವರಿಗೆ?

ನೇಪಲ್ಸಿನಲ್ಲಿ ಶ್ರೀಲಂಕಾದವರು ಬಹಳ ಜನ ನೆಲೆಸಿದ್ದಾರೆ. ಅವರ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಖಾರದಪುಡಿ ಎಲ್ಲ ಸಿಗುತ್ತದೆ. ಮನೆಯಿಂದ ಸಾರಿನ ಪುಡಿ ಒಯ್ದರೆ ಮುಗಿಯಿತು. ಮೊಸರಿಗೆ ಮಾತ್ರ ಡಬ್ಬಿ ಓದಿ ನೋಡಿ. ಬಿಳಿ ಮೊಸರಲ್ಲೂ ಸಕ್ಕರೆ ಹಾಕಿದ್ದು ಇರುತ್ತದೆ. ನಾಲ್ಕನೇ ರಾತ್ರಿ ನಾವು ಕಲಸಿದ ಮೊಸರನ್ನ ಪಾಯಸದ ಹಾಗಿತ್ತು.

ಕಾಫಿ ಹೇಗಿರುತ್ತದೆ?

ಎರಡು ಗುಟುಕು. ಮುಗೀತು. ಆದರೆ ಆ ಎರಡು ಗುಟುಕಿಗೆ ನಮ್ಮ ಫಿಲ್ಟರ್ ಕಾಫಿಯವರೂ ತಲೆಬಾಗಬೇಕು. ಕೌಂಟರಿನಲ್ಲಿ ನಿಂತುಕೊಂಡೇ ಕುಡಿಯಿರಿ, ಒಂದೂವರೆ ಯೂರೋ ಒಳಗೇ ಆಗುತ್ತದೆ. ಅದೇ ಹೊರಗಿನ ಮೇಜಿನಲ್ಲಿ ಕೂತರೆ ದರ ಬೇರೆ. ಮೊದಲು ಒಂದು ಲೋಟ ನೀರು ಇಡುತ್ತಾರೆ. ಅದನ್ನು ಮುಂಚೆಯೇ ಕುಡಿಯುವುದು ಅಲ್ಲಿನ ಕ್ರಮ, ಬಾಯಿ ಚೊಕ್ಕಟ ಆಗಲಿ ಅಂತ. ಊಟ ಆದಮೇಲೆ ಹಾಲಿನ ಕಾಫಿ ಕೇಳಿದರೆ ಕೊಡುತ್ತಾರೆ, ಸ್ವಲ್ಪ ವಿಚಿತ್ರವಾಗಿ ನೋಡುತ್ತಾರೆ.

'ಕಾಫ್ಫೆ ಸೊಸ್ಪೇಸೊ' ಅಂತ ಒಂದು ಪದ್ಧತಿ ಇದೆ. ಒಂದು ಕಾಫಿ ಕುಡಿದು ಎರಡರ ದುಡ್ಡು ಕೊಟ್ಟು ಹೋಗುವುದು. ಆಮೇಲೆ ಕೈಲಿ ಕಾಸಿಲ್ಲದವನು ಬಂದು "ಸೊಸ್ಪೇಸೊ ಇದೆಯಾ?" ಅಂತ ಕೇಳಿ ಕುಡಿಯುತ್ತಾನೆ. ಕೊಟ್ಟವನಿಗೂ ಕುಡಿದವನಿಗೂ ಪರಿಚಯ ಇರುವುದಿಲ್ಲ.

ಪಾಂಪೇಗೆ ಹೇಗೆ ಹೋಗುವುದು? ಎಷ್ಟು ಹೊತ್ತು ಬೇಕು?

ಊರಿನ ಮುಖ್ಯ ರೈಲ್ವೆ ಸ್ಟೇಷನ್ ಗಾರಿಬಾಲ್ದಿಯ ಕೆಳಗಿನಿಂದ ಚಿರ್ಕುಮ್ವೆಸುವಿಯಾನಾ ಅನ್ನುವ ಲೋಕಲ್ ರೈಲು ಹೊರಡುತ್ತದೆ. ಸೊರೆಂತೊ ಕಡೆಗೆ ಹೋಗುವುದನ್ನೇ ಹತ್ತಿ, 'ಪಾಂಪೇ ಸ್ಕಾವಿ - ವಿಲ್ಲಾ ದೇಯಿ ಮಿಸ್ತೇರಿ'ಯಲ್ಲಿ ಇಳಿಯಿರಿ. ನಲವತ್ತು ನಿಮಿಷದೊಳಗೆ ತಲುಪುತ್ತದೆ. ಪಾಂಪೇ ಹೆಸರಿನ ಬೇರೆ ಸ್ಟೇಷನ್ನುಗಳೂ ಇವೆ, 'ಸ್ಕಾವಿ' ಪದ ನೋಡಿಕೊಳ್ಳಿ. ರೈಲು ಹಳತು, ನೂಕುನುಗ್ಗಲು ಜಾಸ್ತಿ.

ಟಿಕೆಟ್ ಮುಂಚೆಯೇ ಮಾಡಿಸಿ. 2024ರ ನವೆಂಬರಿನಿಂದ ದಿನಕ್ಕೆ 20,000 ಜನಕ್ಕಷ್ಟೇ ಪ್ರವೇಶ, ಟಿಕೆಟ್ಟಿನ ಮೇಲೆ ಹೆಸರೂ ಇರುತ್ತದೆ. ಪಾಸ್‌ಪೋರ್ಟ್ ಜೊತೆಗಿರಲಿ. ಟೋಪಿ, ನೀರು ಮರೆಯಬೇಡಿ, ಒಳಗೆ ನೆರಳು ಕಡಿಮೆ.

ಐದು ಗಂಟೆ ಇಟ್ಟುಕೊಳ್ಳಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಮುಚ್ಚಿದ ಊರು, 1748ರಿಂದ ಅಗೆಯುತ್ತಿದ್ದಾರೆ. ಮೂರರಲ್ಲಿ ಒಂದು ಪಾಲು ಇನ್ನೂ ಮಣ್ಣಿನಡಿಯಲ್ಲೇ ಇದೆ. ದೊಡ್ಡ ಮನೆಗಳನ್ನು ಎಲ್ಲರೂ ನೋಡುತ್ತಾರೆ. ನೀವು ಬೀದಿಯ ನೆಲ ನೋಡಿ. ಬೀದಿ ದಾಟೋಕೆ ನಡುವೆ ಎತ್ತರದ ಕಲ್ಲುಗಳನ್ನು ಇಟ್ಟಿದ್ದಾರೆ. ಮಳೆನೀರು, ಕೊಚ್ಚೆ ಹರಿಯುವಾಗ ಕಾಲು ಒದ್ದೆಯಾಗಬಾರದು ಅಂತ. ಆ ಕಲ್ಲುಗಳ ಸಂದಿನಲ್ಲಿ ಗಾಡಿಚಕ್ರ ಹೋಗಿ ಹೋಗಿ ಆಳವಾಗಿ ಗೀರು ಬಿದ್ದಿದೆ. ಬೆರಳಿಟ್ಟರೆ ಎರಡು ಗೆಣ್ಣು ಒಳಗೆ ಹೋಗುತ್ತದೆ. ಪಕ್ಕದಲ್ಲೇ ಊಟದಂಗಡಿಯ ಕಟ್ಟೆ, ಅದರೊಳಗೆ ಹೂತಿಟ್ಟ ಮಣ್ಣಿನ ಹಂಡೆಗಳು.

ಪಾಂಪೇ ದಣಿವು ಅನಿಸಿದರೆ ಅದೇ ಸಾಲಿನ ಎರ್ಕೊಲಾನೊದಲ್ಲಿ ಇಳಿದು, ಅದೇ ಸಿಡಿತಕ್ಕೆ ಹೂತುಹೋದ ಇನ್ನೊಂದು ಊರು ಹರ್ಕ್ಯುಲೇನಿಯಂ ನೋಡಿ. ಚಿಕ್ಕದು, ಆದರೆ ಮರದ ಬಾಗಿಲು, ಮಂಚ ಕೂಡ ಇದ್ದಿಲಾಗಿ ಉಳಿದಿವೆ. ನನಗೆ ಅದೇ ಜಾಸ್ತಿ ಹಿಡಿಸಿತು.

ಜ್ವಾಲಾಮುಖಿ ಈಗ ಸಿಡಿದರೆ?

ವೆಸೂವಿಯಸ್ ಕೊನೆಯದಾಗಿ ಸಿಡಿದದ್ದು 1944ರ ಮಾರ್ಚಿನಲ್ಲಿ. ಈಗ ಶಾಂತವಾಗಿದೆ, ಹಗಲೂ ರಾತ್ರಿ ಅದರ ಮೇಲೆ ಕಣ್ಣಿಟ್ಟಿರುತ್ತಾರೆ. ಬಸ್ಸು ಸುಮಾರು 1,000 ಮೀಟರ್ ಎತ್ತರದವರೆಗೆ ಹೋಗುತ್ತದೆ. ಅಲ್ಲಿಂದ ಬಾಯಿಯ ಅಂಚಿಗೆ ಅರ್ಧ ಗಂಟೆಯ ಏರು. ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ. ಮೇಲೆ ಹೋಗಿ ಕೊಳ್ಳೋಣ ಅಂದರೆ ಸಿಗುವುದಿಲ್ಲ.

ಊರಿನವರು ಜಾಸ್ತಿ ಮಾತಾಡುವುದು ಪಶ್ಚಿಮದ ಕಾಂಪಿ ಫ್ಲೆಗ್ರೇಯಿ ಅನ್ನುವ ಇನ್ನೊಂದು ಜ್ವಾಲಾಮುಖಿ ಪ್ರದೇಶದ ಬಗ್ಗೆ. ಅಲ್ಲಿ ನೆಲವೇ ಉಸಿರಾಡುವ ಹಾಗೆ ಮೇಲೇಳುತ್ತದೆ, ಇಳಿಯುತ್ತದೆ. ಸಣ್ಣ ಸಣ್ಣ ನಡುಕ ಮಾಮೂಲಿ. 2025ರಲ್ಲಿ 4.6 ತೀವ್ರತೆಯವೂ ಆದವು. ನಾವಿದ್ದಾಗ ಒಂದು ರಾತ್ರಿ ಗ್ಲಾಸು ಗಲಗಲ ಅಂದಿತು, ಅಷ್ಟೇ. ಮನೆ ಮಾಲೀಕಮ್ಮನಿಗೆ ಹೇಳಿದರೆ ಭುಜ ಕುಣಿಸಿದರು.

ಮ್ಯೂಸಿಯಂ ಬೋರಾಗಲ್ವಾ?

ಒಂದೇ ಒಂದಕ್ಕೆ ಹೋಗಿ, ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ. ಪಾಂಪೇಯಲ್ಲಿ ಸಿಕ್ಕ ಒಳ್ಳೊಳ್ಳೆಯ ಚಿತ್ರ, ವಿಗ್ರಹ ಎಲ್ಲ ಇಲ್ಲೇ ಇವೆ. ನಾವು ಹೋಗಿದ್ದು ಮಂಗಳವಾರ. ಬಾಗಿಲು ಹಾಕಿತ್ತು. ಸರಿ ಅಂತ ಸಾನ್‌ಸೆವೇರೊ ಚಾಪೆಲ್ಲಿಗೆ ನಡೆದೆವು. ಅದಕ್ಕೂ ಮಂಗಳವಾರವೇ ರಜೆ! ಆ ಚಾಪೆಲ್ಲಿನಲ್ಲಿ 1753ರ ಅಮೃತಶಿಲೆಯ ಯೇಸು ವಿಗ್ರಹವಿದೆ. ಮೈಮೇಲಿನ ತೆಳು ಬಟ್ಟೆಯನ್ನೂ ಅದೇ ಕಲ್ಲಿನಲ್ಲಿ ಕೆತ್ತಿದ್ದಾರೆ, ಎತ್ತಿದರೆ ಬರುತ್ತದೇನೋ ಅನಿಸುತ್ತದೆ. ಅದಕ್ಕೆ ಮುಂಗಡ ಟಿಕೆಟ್ ಬೇಕು, ಫೋಟೋ ತೆಗೆಯುವಂತಿಲ್ಲ.

ಮ್ಯೂಸಿಯಮ್ಮಿಗೆ ಮಾರನೇ ದಿನ ಹೋದೆವು. ಅಲ್ಲಿ ಕಾಮದ ಚಿತ್ರಗಳನ್ನು ಇಟ್ಟ 'ರಹಸ್ಯ ಕೋಣೆ' ಇದೆ. ಎಲ್ಲರೂ ಕಿಸಿಕಿಸಿ ನಗುತ್ತಾ ಅದಕ್ಕೇ ಹೋಗುತ್ತಾರೆ. ನಾವು ಹುಡುಕಿದ್ದು ಅಲ್ಲಿನ ಸುಮಾರು 25 ಸೆಂಟಿಮೀಟರ್ ಎತ್ತರದ ದಂತದ ಹೆಣ್ಣು ಬೊಂಬೆ. ಮೈತುಂಬ ಒಡವೆ, ಕಾಲಂದುಗೆ, ಸೊಂಟದ ಡಾಬು, ಅಕ್ಕಪಕ್ಕ ಇಬ್ಬರು ಪುಟ್ಟ ಸೇವಕಿಯರು. 1938ರಲ್ಲಿ ಪಾಂಪೇಯ ಮನೆಯೊಂದರಲ್ಲಿ ಸಿಕ್ಕಿತು. 'ಪಾಂಪೇ ಲಕ್ಷ್ಮಿ' ಅಂತ ಹೆಸರಿಟ್ಟರು. ಯಕ್ಷಿ ಇರಬೇಕು ಅನ್ನುವವರು ಈಗ ಜಾಸ್ತಿ. ಇದೇ ಥರದ ದಂತದ ಬೊಂಬೆಗಳು ಮಹಾರಾಷ್ಟ್ರದ ತೇರ್ ಮತ್ತು ಭೋಕರ್ದನ್‌ನಲ್ಲಿ ಸಿಕ್ಕಿವೆ. ಅಂದರೆ ನಮ್ಮ ದಖ್ಖನ್ನಿನ ಕಡೆಯಿಂದ ಹಡಗು ಹತ್ತಿ ಹೋದವಳಿರಬಹುದು, ಬೂದಿ ಬೀಳುವ ದಿನ ಅಲ್ಲಿದ್ದಳು. ಗಾಜಿನ ಮುಂದೆ ನಾಲ್ವರೂ ಸುಮ್ಮನೆ ನಿಂತೆವು. ಒಬ್ಬ ಮೆಲ್ಲಗೆ ಚಪ್ಪಲಿ ಕಳಚಿದ್ದು ನನಗೆ ಆಮೇಲೆ ಗೊತ್ತಾಯಿತು.

ಕಳ್ಳರ ಊರಂತೆ, ನಿಜವಾ?

ಹೆಸರು ಕೆಟ್ಟಷ್ಟು ಊರು ಕೆಟ್ಟಿಲ್ಲ. ಜೇಬುಗಳ್ಳರು ಇದ್ದಾರೆ, ಲೋಕಲ್ ರೈಲು ಮತ್ತು ತುಂಬಿದ ಬಸ್ಸುಗಳಲ್ಲಿ ಜಾಸ್ತಿ. ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಬೀದಿಯಲ್ಲಿ ಫೋನು ಗೋಡೆ ಕಡೆಯ ಕೈಲಿರಲಿ, ಸ್ಕೂಟರ್ ಕಡೆ ಬೇಡ. ಎಲ್ಲ ದುಡ್ಡು ಒಬ್ಬನ ಹತ್ತಿರ ಇರುವುದು ಬೇಡ. ತುರ್ತು ನಂಬರು 112.

ಹುಡುಗಿಯರು ಇರುವ ಗುಂಪಿಗೆ ತೊಂದರೆ ಇಲ್ವಾ?

ನಮ್ಮ ಗುಂಪಿನಲ್ಲಿದ್ದ ಗೆಳತಿಯ ಮಾತು ಹೇಳುತ್ತೇನೆ: ಹಳೇ ಊರಿನೊಳಗೆ ರಾತ್ರಿ ಹನ್ನೊಂದಕ್ಕೂ ಮಕ್ಕಳು, ಅಜ್ಜಿಯರು ಬೀದಿಯಲ್ಲೇ ಇರುತ್ತಾರೆ, ಹಾಗಾಗಿ ಅಳುಕಾಗಲಿಲ್ಲ. ಸ್ಟೇಷನ್ ಸುತ್ತ ಕತ್ತಲಾದಮೇಲೆ ಅವಳಿಗೆ ಇಷ್ಟ ಆಗಲಿಲ್ಲ. ನನಗೂ ಆಗಲಿಲ್ಲ.

ಹತ್ತಿರದ ಅಮಾಲ್ಫಿ ಕರಾವಳಿ, ಕಾಪ್ರಿ ದ್ವೀಪ ಸೇರಿಸಿಕೊಳ್ಳಬಹುದಾ?

ದುಡ್ಡು ಜಾಸ್ತಿ, ಜನ ಜಾಸ್ತಿ. ಒಂದೇ ದಿನ ಇದ್ದರೆ ಪ್ರೊಚಿದಾ ದ್ವೀಪಕ್ಕೆ ಹೋಗಿ. ಹಡಗಿನಲ್ಲಿ ಸುಮಾರು ಒಂದು ಗಂಟೆ. ಬಣ್ಣ ಬಣ್ಣದ ಮೀನುಗಾರರ ಮನೆಗಳು, ನಿಂಬೆ ತೋಟ, ಒಂದು ಸುತ್ತು ಕಾಲ್ನಡಿಗೆಯಲ್ಲೇ ಮುಗಿಯುತ್ತದೆ.

ಗೆಳೆಯರ ನಡುವೆ ಜಗಳ ಆಗಲ್ವಾ?

ಆಗುತ್ತದೆ. ನಮಗೆ ಆದದ್ದು ಮೂರನೇ ದಿನ ಮಧ್ಯಾಹ್ನ, ಸಾನ್‌ಸೆವೇರೊ ಮುಂದೆ, ಹಸಿದಾಗ. ಒಬ್ಬನಿಗೆ ಫುಟ್ಬಾಲ್ ಆಟಗಾರ ಮರಡೋನಾ ಚಿತ್ರದ ಗೋಡೆ ನೋಡಬೇಕು. ಮರಡೋನಾ ಈ ಊರಿಗೆ ಆಡಿದ್ದು 1984ರಿಂದ 1991ರವರೆಗೆ, ಜನ ಇವತ್ತಿಗೂ ದೇವರ ಹಾಗೆ ದೀಪ ಹಚ್ಚುತ್ತಾರೆ. ಇನ್ನೊಬ್ಬಳಿಗೆ ತೊಲೇದೊ ಮೆಟ್ರೋ ಸ್ಟೇಷನ್ ನೋಡಬೇಕು. ಅದು ಸಮುದ್ರದ ತಳದ ಹಾಗೆ ನೀಲಿ ಹರಳು ಹೊದ್ದ ಗುಹೆ. ಮತ್ತೊಬ್ಬನಿಗೆ ನಿದ್ದೆ. ನನಗೆ ಊಟ. ನಾಲ್ವರೂ ಒಟ್ಟಿಗೇ ಇರಬೇಕು ಅನ್ನುವ ಹಠವೇ ಜಗಳದ ಮೂಲ.

ಅವತ್ತಿನಿಂದ ನಿಯಮ ಮಾಡಿಕೊಂಡೆವು. ಬೆಳಿಗ್ಗೆ ಒಂದು ಜಾಗ ಒಟ್ಟಿಗೆ. ಮಧ್ಯಾಹ್ನ ಯಾರ ಪಾಡು ಅವರಿಗೆ. ರಾತ್ರಿ ಎಂಟಕ್ಕೆ ದಾಂತೆ ಚೌಕದ ವಿಗ್ರಹದ ಕೆಳಗೆ. ಸಿಕ್ಕಾಗ ಹೇಳೋಕೆ ಒಬ್ಬೊಬ್ಬರ ಹತ್ತಿರವೂ ಬೇರೆ ಬೇರೆ ಕಥೆ ಇರುತ್ತಿತ್ತು.

ವಾಪಸ್ ಬರುವಾಗ ಏನು ತರಬೇಕು?

ಕಾಫಿಪುಡಿ, ಹತ್ತಿರದ ಗ್ರಾನ್ಯಾನೊ ಊರಿನ ಒಣ ಪಾಸ್ತಾ. ಎಣ್ಣೆ ಥರದ ದ್ರವದ ಬಾಟಲಿ ಕೊಂಡರೆ ವಿಮಾನದೊಳಗೆ ಒಯ್ಯುವ ಕೈಚೀಲದಲ್ಲಿ ಬಿಡುವುದಿಲ್ಲ. ಇನ್ನೊಂದು, ಸಾನ್ ಗ್ರೆಗೋರಿಯೊ ಆರ್ಮೆನೊ ಬೀದಿ. ಕ್ರಿಸ್‌ಮಸ್ ಗೋದಲಿಯ ಮಣ್ಣಿನ ಬೊಂಬೆ ಮಾಡುವವರ ಬೀದಿ ಅದು. ಬೇಸಿಗೆಯಲ್ಲೂ ಯೇಸು, ಕುರುಬ, ಕತ್ತೆಗಳ ಪಕ್ಕದಲ್ಲಿ ಫುಟ್ಬಾಲ್ ಆಟಗಾರರು ಕೂತಿರುತ್ತಾರೆ. ಅಲ್ಲಿ 'ಕೊರ್ನೊ' ಅನ್ನುವ ಕೆಂಪು ಮೆಣಸಿನಕಾಯಿ ಆಕಾರದ ಕೊಂಬು ಮಾರುತ್ತಾರೆ, ದೃಷ್ಟಿ ತಾಗದಿರಲಿ ಅಂತ.

ಅದನ್ನು ತಮಗೆ ತಾವೇ ಕೊಂಡರೆ ಫಲ ಇಲ್ಲವಂತೆ, ಯಾರಾದರೂ ಕೊಡಬೇಕು. ಅಂಗಡಿಯ ಹೆಂಗಸು ಕೈಸನ್ನೆಯಲ್ಲೇ ಇದನ್ನು ವಿವರಿಸಿದರು. ಹೊಸ್ತಿಲಲ್ಲೇ ನಾಲ್ಕು ಚೀಟಿ ಬರೆದು ಎತ್ತಿದೆವು. ಯಾರ ಹೆಸರು ಬಂತೋ ಅವರಿಗೆ ಕೊಂಬು ಕೊಟ್ಟೆವು. ನನಗೆ ಬಂದದ್ದು ಸಾನ್‌ಸೆವೇರೊ ಮುಂದೆ ನನ್ನ ಜೊತೆ ಮಾತು ಬಿಟ್ಟವನಿಂದ. ಅದರ ತುದಿ ಸ್ವಲ್ಪ ಮುರಿದಿತ್ತು, ಚೌಕಾಸಿ ಮಾಡಿ ಒಂದು ಯೂರೋ ಕಡಿಮೆಗೆ ತಂದಿದ್ದ.